ಲೆಕ್ಕದಲ್ಲಿ ಇಲ್ಲದ ರಾತ್ರಿಗಳು

ಪ್ರಶ್ನೆ: ನಮ್ಮ ತಂದೆ ತೀರಿಕೊಂಡು ಎಂಟು ತಿಂಗಳಾಯಿತು. ಅವರು ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಮೇಲ್ ಸರ್ವಿಸ್‌ನಲ್ಲಿ ಸಾರ್ಟರ್ ಆಗಿದ್ದರು. 1966ರಿಂದ ಎಷ್ಟೋ ವರ್ಷ ಹುಬ್ಬಳ್ಳಿ–ಬೆಂಗಳೂರು ರಾತ್ರಿ ಗಾಡಿಯಲ್ಲಿ ಟಪಾಲು ವಿಂಗಡಿಸುತ್ತಾ ಓಡಾಡಿದರು. ರಜೆ ಸಿಕ್ಕರೆ ಎಲ್‌ಟಿಸಿ (ನೌಕರರಿಗೆ ರಜೆಯಲ್ಲಿ ಹೋಗಿಬರುವ ಖರ್ಚು ಸರ್ಕಾರ ಕೊಡುವ ಸೌಲಭ್ಯ) ತೆಗೆದುಕೊಂಡು ಮತ್ತೆ ಗಾಡಿ ಹತ್ತುತ್ತಿದ್ದರು. ಅವರ ಟ್ರಂಕಿನಲ್ಲಿ ನಾಲ್ಕು ಡೈರಿ, ರಟ್ಟಿನ ರೈಲು ಟಿಕೆಟ್‌ಗಳು, ಎಲ್‌ಟಿಸಿ ಅರ್ಜಿಗಳ ನಕಲು, ಇನ್‌ಲ್ಯಾಂಡ್ ಪತ್ರಗಳು, ಎರಡು ಅಂಟಿನ ಆಲ್ಬಂ, ಒಂದಿಷ್ಟು ನೆಗೆಟಿವ್ ಇವೆ. ಡೈರಿಯಲ್ಲಿ ಮನಸ್ಸಿನ ಮಾತು ಒಂದೂ ಇಲ್ಲ, ಬರೀ ಖರ್ಚಿನ ಲೆಕ್ಕ. 82–85ರ ಎಲ್‌ಟಿಸಿಯಲ್ಲಿ ಕಾಶಿಗೂ ಹೋಗಿದ್ದರು. ಡೈರಿಯ ಪುಟ, ಆರು ಅರ್ಜಿ, ಕೆಲವು ಫೋಟೋ, ನೆಗೆಟಿವ್ ಜೊತೆಗೆ ಕಳಿಸಿದ್ದೇನೆ. ವರ್ಷಾಬ್ದಿಕದ ಹೊತ್ತಿಗೆ ಅವರು ಹೋದ ಊರುಗಳ ನಕ್ಷೆ ಹಾಕಿ ಪುಸ್ತಕ ಮಾಡಬೇಕು ಅಂತ ಆಸೆ. ಅಣ್ಣ ಪುಣೆಯಲ್ಲಿದ್ದಾನೆ, "ಹಳೇ ಕಾಗದ ಇಟ್ಟುಕೊಂಡು ಏನು ಮಾಡ್ತೀ" ಅನ್ನುತ್ತಾನೆ. ಟ್ರಂಕ್ ತೆಗೆದರೆ ಅಮ್ಮ ಎದ್ದು ಒಳಗೆ ಹೋಗಿಬಿಡುತ್ತಾರೆ. ಅಪ್ಪ ಹೋದ ದಾರಿಯಲ್ಲಿ ನಾನೂ ಒಮ್ಮೆ ಹೋಗಿ ಬರಲಾ? ಎಲ್ಲಿಂದ ಶುರು ಮಾಡಲಿ? ಇನ್ನೊಂದು ವಿಚಿತ್ರ: ಎಲ್‌ಟಿಸಿ ಅರ್ಜಿಯಲ್ಲಿ "ಸ್ವಂತ ಊರು" ಅಂತ ಸವದತ್ತಿ ತಾಲ್ಲೂಕಿನ ಒಂದು ಹಳ್ಳಿ ಬರೆದಿದ್ದಾರೆ. ಅಪ್ಪ ಹುಟ್ಟಿದ್ದು ಧಾರವಾಡದಲ್ಲಿ. ಆ ಹಳ್ಳಿಯ ಹೆಸರು ಅವರ ಬಾಯಲ್ಲಿ ಕೇಳಿದ ನೆನಪೇ ನನಗಿಲ್ಲ.

ಉತ್ತರ: ಮೊದಲು ಟ್ರಂಕ್ ಮುಚ್ಚಿಡಿ. ಒಂದು ತಿಂಗಳು ಅದರ ತಂಟೆಗೇ ಹೋಗಬೇಡಿ.

ತಮಾಷೆಗೆ ಹೇಳುತ್ತಿಲ್ಲ. ಮನೆತನದ ಕಾಗದ-ಪತ್ರ, ಫೋಟೋ ಜೋಡಿಸಿ ಕೊಡುವ ಕೆಲಸ ನಾನು ಬಹಳ ವರ್ಷದಿಂದ ಮಾಡುತ್ತಿದ್ದೇನೆ. ಹತ್ತರಲ್ಲಿ ಒಂಬತ್ತು ಜನ ಟ್ರಂಕಿನಿಂದಲೇ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿ ಕೆಟ್ಟವನು. ನನ್ನ ಸೋದರಮಾವ ತೀರಿಕೊಂಡಾಗ ಎಂಟು ತಿಂಗಳು ಅವರ ಫೋಟೋಗಳನ್ನು ಸ್ಕ್ಯಾನ್ ಮಾಡುತ್ತಾ, ನಂಬರ್ ಹಚ್ಚುತ್ತಾ ಕೂತೆ. ಒಂದು ಫೋಟೋದಲ್ಲಿ ಮಾವನ ಹೆಗಲ ಮೇಲೆ ಕೈ ಹಾಕಿಕೊಂಡು ಕೋಟು ತೊಟ್ಟ ಒಬ್ಬರು ನಿಂತಿದ್ದರು. ಯಾರು ಅಂತ ಹೇಳಬಲ್ಲವರು ದೊಡ್ಡಮ್ಮ ಒಬ್ಬರೇ. ಎಲ್ಲ ಅಚ್ಚುಕಟ್ಟು ಮಾಡಿ ಮುಗಿಸಿ ಫೋಟೋ ಹಿಡಿದು ಅವರ ಹತ್ತಿರ ಹೋಗುವ ಹೊತ್ತಿಗೆ ಅವರಿಗೆ ಮರೆವು ಹಿಡಿದಿತ್ತು. ಫೋಟೋ ತಿರುಗಿಸಿ ತಿರುಗಿಸಿ ನೋಡಿದರು, "ಚಂದ ಇದೆ, ಯಾರ ಮದುವೆ?" ಅಂತ ನನ್ನನ್ನೇ ಕೇಳಿದರು. ಆ ಕೋಟಿನವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಕಾಗದ ಇನ್ನೊಂದು ವರ್ಷ ಕಾಯುತ್ತದೆ. ಎಂಬತ್ತು ದಾಟಿದವರು ಕಾಯುತ್ತಾರೆ ಅಂತ ಹೇಳೋಕಾಗಲ್ಲ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು, ಅಪ್ಪನ ಜೊತೆ ಒಂದೇ ಗಾಡಿಯಲ್ಲಿ ಕೂತವರು, ಒಂದೇ ಸೂರಿನ ಕೆಳಗೆ ಮಲಗಿದವರು ಯಾರ್ಯಾರು ಇನ್ನೂ ಇದ್ದಾರೆ ಅಂತ ಬರೆಯಿರಿ. ಹೆಸರು, ಊರು, ಫೋನ್. ಅಷ್ಟೇ ಸಾಕು.

ಆರ್‌ಎಂಎಸ್‌ನವರ ಮಕ್ಕಳಿಗೆ ಇದು ಉಳಿದವರಿಗಿಂತ ಸುಲಭ. ಅಪ್ಪ ಒಬ್ಬರೇ ಹೋಗುತ್ತಿರಲಿಲ್ಲ, "ಸೆಟ್" ಹೋಗುತ್ತಿತ್ತು. ಹೆಡ್ ಸಾರ್ಟರು, ಸಾರ್ಟರುಗಳು, ಮೇಲ್ ಗಾರ್ಡ್, ಎಲ್ಲ ಸೇರಿ ಒಂದು ತಂಡ. ರಾತ್ರಿಯಿಡೀ ಓಡುವ ಡಬ್ಬಿಯಲ್ಲಿ ನಿಂತು ಗೂಡು ಗೂಡಿಗೆ ಕಾಗದ ಹಾಕುವುದು, ಹಾವೇರಿ ಬಂತು, ರಾಣೇಬೆನ್ನೂರು ಬಂತು, ಹರಿಹರ, ದಾವಣಗೆರೆ, ಬೀರೂರು, ಅರಸೀಕೆರೆ ಅಂತ ಒಂದೊಂದು ಕಡೆ ಚೀಲ ಇಳಿಸುವುದು, ಹತ್ತಿಸುವುದು. ಬೆಳಗ್ಗೆ ಇಳಿದ ಮೇಲೆ ಹಗಲಿಡೀ ಅಲ್ಲಿನ ರೆಸ್ಟ್ ಹೌಸ್‌ನಲ್ಲಿ ಅಡುಗೆ ಮಾಡಿಕೊಂಡು ಉಂಡು, ಮಲಗಿ, ಮತ್ತೆ ವಾಪಸ್ ಗಾಡಿ. ನಾನು ಮಾತಾಡಿಸಿದ ಹಳೇ ಸಾರ್ಟರುಗಳ ಪೈಕಿ ಅಡುಗೆ ಬಾರದವರು ಒಬ್ಬರೂ ಇಲ್ಲ. ಅವರ ಹೆಂಡತಿಯರಲ್ಲಿ ಅದನ್ನು ನಂಬುವವರೂ ಒಬ್ಬರೂ ಇಲ್ಲ! "ಮನ್ಯಾಗ ಒಂದು ಲೋಟ ಎತ್ತಿಟ್ಟವರಲ್ಲ" ಅನ್ನುತ್ತಾರೆ. ನಿಮ್ಮ ಅಪ್ಪ ಬೆಂಗಳೂರಿನ ರೆಸ್ಟ್ ಹೌಸ್‌ನಲ್ಲಿ ಏನು ಅಡುಗೆ ಮಾಡುತ್ತಿದ್ದರು ಅಂತ ಗೊತ್ತಿರುವವರು ಅವರ ಸೆಟ್‌ನವರು ಮಾತ್ರ. ಅವರನ್ನು ಹುಡುಕುವುದು ಹೇಗೆ ಅಂತೀರಾ? ಅಂಚೆ ಮತ್ತು ಆರ್‌ಎಂಎಸ್ ಪಿಂಚಣಿದಾರರ ಸಂಘದವರನ್ನು ಕೇಳಿ. ಇಲ್ಲದಿದ್ದರೆ ನವೆಂಬರ್‌ವರೆಗೆ ಕಾಯಿರಿ. ಆ ತಿಂಗಳು ಪಿಂಚಣಿದಾರರೆಲ್ಲ ಜೀವನ ಪ್ರಮಾಣ ಪತ್ರ ಕೊಡಬೇಕು, ಎಷ್ಟೋ ಜನ ಬ್ಯಾಂಕಿಗೋ ಪೋಸ್ಟಾಫೀಸಿಗೋ ಬಂದೇ ಬರುತ್ತಾರೆ. ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರಿಗೆ ಅಪ್ಪನ ಹೆಸರು ಹೇಳಿ, ಉಳಿದವರು ತಾವಾಗೇ ಸಿಗುತ್ತಾರೆ.

ಸಿಕ್ಕಾಗ "ಅಪ್ಪನ ಬಗ್ಗೆ ಏನಾದರೂ ಹೇಳಿ" ಅಂತ ಮಾತ್ರ ಕೇಳಬೇಡಿ. "ಬಹಳ ಒಳ್ಳೇ ಮನುಷ್ಯ" ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ಅಡುಗೆಗೆ ಸಾಮಾನು ಯಾರು ತರುತ್ತಿದ್ದರು, ಅಪ್ಪನ ಪಾಳಿಯಲ್ಲಿ ಏನು ಅಡುಗೆ, ಗಾಡಿಯಲ್ಲಿ ನಿದ್ದೆ ಬಂದರೆ ಏನು ಮಾಡುತ್ತಿದ್ದರು, ಜಗಳ ಯಾವುದಕ್ಕೆ ಆಗುತ್ತಿತ್ತು ಅಂತ ಕೇಳಿ. ಸಾರ್ಟಿಂಗ್ ಪರೀಕ್ಷೆಯ ಬಗ್ಗೆ ಕೇಳುವುದನ್ನು ಮರೆಯಬೇಡಿ. ಯಾವ ಹಳ್ಳಿಯ ಅಂಚೆ ಯಾವ ಪೋಸ್ಟಾಫೀಸಿಗೆ, ಅದು ಯಾವ ಗಾಡಿಗೆ ಅಂತ ನೂರಾರು ಹೆಸರು ಬಾಯಿಪಾಠ ಇರಬೇಕಿತ್ತು ಅವರಿಗೆ. ತೊಂಬತ್ತರ ಹತ್ತಿರ ಇರುವ ಒಬ್ಬ ಸಾರ್ಟರು, ಮೊಮ್ಮಗನ ಹೆಸರು ತಡವರಿಸುವವರು, ಹಳ್ಳಿಗಳ ಹೆಸರು ಮಾತ್ರ ಮಗ್ಗಿಯ ಹಾಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಸಾಧ್ಯವಾದರೆ ಇಬ್ಬರನ್ನು ಒಟ್ಟಿಗೆ ಕೂರಿಸಿ. ಒಬ್ಬರು ತಪ್ಪು ಹೇಳಿದರೆ ಇನ್ನೊಬ್ಬರು ಬಿಡುವುದಿಲ್ಲ, ಆ ವಾದದಲ್ಲೇ ನಿಜವಾದ ಮಾಲು ಇರುವುದು. ಫೋನಿನಲ್ಲಿ ರೆಕಾರ್ಡ್ ಮಾಡಿ, ಹೇಳಿಯೇ ಮಾಡಿ. ಮುಕ್ಕಾಲು ಗಂಟೆಗಿಂತ ಜಾಸ್ತಿ ಬೇಡ, ವಯಸ್ಸಾದವರಿಗೆ ದಣಿವಾಗುತ್ತದೆ. ಇನ್ನೊಂದು ದಿನ ಹೋದರಾಯಿತು.

ಈಗ ನಿಮ್ಮ ನಕ್ಷೆಯ ವಿಷಯ. ಟಿಕೆಟ್ ನೋಡಿ ನಕ್ಷೆ ಹಾಕಿದರೆ ತಪ್ಪಾಗುತ್ತದೆ. ಆ ರಟ್ಟಿನ ಟಿಕೆಟ್‌ಗೆ ಎಡ್ಮಂಡ್‌ಸನ್ ಟಿಕೆಟ್ ಅಂತ ಹೆಸರು, ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ 1830ರ ದಶಕದ ಕೊನೆಗೆ ಶುರು ಮಾಡಿದ ಪದ್ಧತಿ ಅದು, ನಮ್ಮಲ್ಲಿ ಕಂಪ್ಯೂಟರ್ ಟಿಕೆಟ್ ಬಂದ ಮೇಲೂ ಬಹಳ ದಿನ ನಡೆಯಿತು. ಇಳಿದ ಸ್ಟೇಷನ್ನಿನ ಗೇಟಿನಲ್ಲಿ ಆ ಟಿಕೆಟ್ ಕೊಟ್ಟೇ ಹೊರಗೆ ಬರಬೇಕಿತ್ತು. ಅಂದಮೇಲೆ ಟ್ರಂಕಿನಲ್ಲಿ ಉಳಿದಿರುವುದು ಗೇಟಿನಲ್ಲಿ ಯಾರೂ ಕೇಳದೇ ಹೋದವು, ಇಲ್ಲವೇ ಪ್ಲಾಟ್‌ಫಾರ್ಮ್ ಟಿಕೆಟ್‌ಗಳು. ಅಪ್ಪ ಹೋದ ಊರುಗಳೆಲ್ಲ ಅದರಲ್ಲಿ ಎಲ್ಲಿ ಸಿಗಬೇಕು? ಪ್ಲಾಟ್‌ಫಾರ್ಮ್ ಟಿಕೆಟ್‌ಗಳನ್ನು ಬೇರೆ ಎತ್ತಿಡಿ. ಅವರು ಯಾರನ್ನೋ ಕಳಿಸಲು ಹೋದ, ಯಾರನ್ನೋ ಕರೆದುಕೊಂಡು ಬರಲು ಹೋದ ದಿನಗಳು ಅವು. ತಾರೀಖು ಕಾಣದಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ಅಂಚಿನಲ್ಲಿ ಒತ್ತಿದ ಗುರುತು ಎದ್ದು ಕಾಣುತ್ತದೆ.

ನಿಮಗೆ ಬೇಜಾರು ತರಿಸಿದ ಆ ಖರ್ಚಿನ ಡೈರಿ ಇದೆಯಲ್ಲ, ಅದೇ ಬಂಗಾರ. ಒಂದು ಪುಟ ನೀವು ಫೋಟೋ ತೆಗೆದು ಕಳಿಸಿದ್ದೀರಿ. ಮಿರಜದಲ್ಲಿ ಕೂಲಿ 1.00, ಚಹಾ 0.60, ಟಾಂಗಾ 2.00, ಬಾಳೆಹಣ್ಣು 1.50, ಪೇಢೆ 8.00. ಮಿರಜದಲ್ಲಿ ಕೂಲಿ ಯಾಕೆ ಅಂದರೆ, ಆಗ ನಮ್ಮ ಕಡೆಯಿಂದ ಹೋಗುವ ಸಣ್ಣ ಹಳಿಯ ಗಾಡಿ ಇಳಿದು, ಅಲ್ಲಿ ದೊಡ್ಡ ಹಳಿಯ ಗಾಡಿ ಹತ್ತಬೇಕಿತ್ತು. ಹೋಲ್ಡಾಲು, ಟ್ರಂಕು, ತಿರುಗಣೆ ಕೂಜ, ಮಕ್ಕಳು, ಎಲ್ಲ ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ. ಸರಿ. ಪೇಢೆ 8 ರೂಪಾಯಿ ಯಾಕೆ? ಆ ಕಾಲಕ್ಕೆ 8 ರೂಪಾಯಿ ಕಮ್ಮಿ ಅಲ್ಲ. ಧಾರವಾಡದವರು ಪೇಢೆ ಕಟ್ಟಿಸಿಕೊಂಡು ಹೊರಟರು ಅಂದರೆ ಯಾರದೋ ಮನೆಗೆ ಹೋಗುತ್ತಿದ್ದಾರೆ ಅಂತಲೇ ಅರ್ಥ. ಆಮೇಲೆ ನೋಡಿ, ಮುಂದಿನ ನಾಲ್ಕು ದಿನ ಟಾಂಗಾ ಇದೆ, ಹಣ್ಣು ಇದೆ, ದೇವರ ಹುಂಡಿಗೆ ಹಾಕಿದ್ದೂ ಇದೆ, ಆದರೆ ಲಾಡ್ಜಿನ ಖರ್ಚಿಲ್ಲ, ಊಟದ ಖರ್ಚಿಲ್ಲ. ನಾಲ್ಕು ರಾತ್ರಿ ಐದು ಜನ ಎಲ್ಲಿ ಮಲಗಿದರು?

ನಾನು ಎಲ್ಲರಿಗೂ ಹೇಳುವುದು ಇದನ್ನೇ. ಅವರು ಏನು ನೋಡಿದರು ಅಂತ ಹುಡುಕಬೇಡಿ, ತಾಜಮಹಲು ಎಲ್ಲರ ಫೋಟೋದಲ್ಲೂ ಒಂದೇ ಥರ ಇರುತ್ತದೆ. ಲೆಕ್ಕದಲ್ಲಿ ಇಲ್ಲದ ರಾತ್ರಿಗಳನ್ನು ಎಣಿಸಿ. ನಮ್ಮ ಹಿಂದಿನ ತಲೆಮಾರಿನವರು ಹೋಟೆಲ್ ನೋಡಿಕೊಂಡು ಊರಿಗೆ ಹೋಗುತ್ತಿರಲಿಲ್ಲ. ಮುಂಬೈ ಅಂದರೆ ಮಾಟುಂಗಾದಲ್ಲಿ ಯಾರೋ ಚಿಕ್ಕಪ್ಪನ ಮಗ ಇದ್ದಾನೆ, ಸೊಲ್ಲಾಪುರ ಅಂದರೆ ಅತ್ತೆಯ ನಾದಿನಿ. ಒಂದು ಕೋಣೆಯ ಮನೆ, ಅಲ್ಲಿ ಆಗಲೇ ಏಳು ಜನ, ಇವರು ಐದು ಜನ ಹೋಗಿ ಸೇರುತ್ತಿದ್ದರು. ನಂಟು ಇದ್ದ ಕಡೆಗೆ ಪ್ರವಾಸ ಬೆಳೆಯುತ್ತಿತ್ತು, ನಂಟು ಮುಗಿದ ಕಡೆ ಮಠ, ಛತ್ರ, ಧರ್ಮಶಾಲೆ. ಹಾಗಾಗಿ ನಕ್ಷೆ ಹಾಕುವುದೇ ಆದರೆ ಊರಿನ ಮೇಲೆ ಚುಕ್ಕೆ ಇಡಬೇಡಿ, ಮನೆಯ ಮೇಲೆ ಇಡಿ. ಯಾರ ಮನೆ, ಎಷ್ಟು ರಾತ್ರಿ, ಯಾರು ಸ್ಟೇಷನ್ನಿಗೆ ಬಂದಿದ್ದರು. ಆ ಮನೆಯವರು ಮತ್ತೆ ಯಾವಾಗ ನಿಮ್ಮ ಮನೆಗೆ ಬಂದು ಮಲಗಿದರು ಅನ್ನುವುದನ್ನೂ ಬರೆಯಿರಿ. ಎರಡೂ ಕಡೆಯ ಲೆಕ್ಕ ಬಂದರೆ ಯಾವ ನಂಟು ಯಾವ ವರ್ಷ ಕಡಿದುಹೋಯಿತು ಅನ್ನುವುದೂ ಕಾಣುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಇರಲಿ. ನಾನು ಜೋಡಿಸಿದ ಒಂದು ಮನೆತನದಲ್ಲಿ ಒಂದು ಊರಿಗೆ ಹನ್ನೊಂದು ವರ್ಷ ತಪ್ಪದೇ ಹೋಗಿದ್ದವರು ಹನ್ನೆರಡನೇ ವರ್ಷ ಅದೇ ಊರಲ್ಲಿ ಲಾಡ್ಜಿಗೆ 14 ರೂಪಾಯಿ ಕೊಟ್ಟಿದ್ದರು. ಹೊಲದ ಜಗಳ. ಡೈರಿಯಲ್ಲಿ ಅದರ ಬಗ್ಗೆ ಒಂದು ಅಕ್ಷರ ಇರಲಿಲ್ಲ, 14 ರೂಪಾಯಿ ಮಾತ್ರ ಇತ್ತು.

ನಿಮ್ಮ ತಂದೆ ಕಾಶಿಗೆ ಹೋಗಿದ್ದು 82–85ರ ಬ್ಲಾಕಿನಲ್ಲಿ ಅಂತ ಬರೆದಿದ್ದೀರಿ. (ಗೊತ್ತಿಲ್ಲದವರಿಗೆ: ಕೇಂದ್ರ ಸರ್ಕಾರದ ನೌಕರರಿಗೆ ನಾಲ್ಕು ವರ್ಷಕ್ಕೊಂದು ಬ್ಲಾಕ್. ಎರಡು ವರ್ಷಕ್ಕೊಮ್ಮೆ ಸ್ವಂತ ಊರಿಗೆ, ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿಬರುವ ಖರ್ಚು ಸರ್ಕಾರದ್ದು.) ಕಾಶಿಯಲ್ಲಿ ನಮ್ಮವರು ಇಳಿದುಕೊಳ್ಳುತ್ತಿದ್ದದ್ದು ಜಂಗಮವಾಡಿ ಮಠದಲ್ಲೋ, ಕರ್ನಾಟಕದವರಿಗೆ ಅಂತ ಇದ್ದ ಛತ್ರದಲ್ಲೋ, ಪರಿಚಯದ ಪುರೋಹಿತರ ಮನೆಯಲ್ಲೋ. ಅಲ್ಲಿಂದ ಗಯೆಗೂ ಹೋಗಿದ್ದರೆ ಅಲ್ಲಿನ ಗಯಾವಾಳರ, ಅಂದರೆ ತೀರ್ಥ ಪುರೋಹಿತರ, ಪುಸ್ತಕದಲ್ಲಿ ಅಪ್ಪನ ಕೈಬರಹವೇ ಇರಬಹುದು. ಹರಿದ್ವಾರದ ಪಂಡಾಗಳ ಹಾಗೆ ಅವರೂ ಒಂದೊಂದು ಸೀಮೆಯ ಯಾತ್ರಿಕರಿಗೆ ಒಂದೊಂದು ಮನೆತನ ಅಂತ ಹಂಚಿಕೊಂಡು, ಬಂದವರ ಹೆಸರು, ಊರು, ತಂದೆ-ತಾತನ ಹೆಸರು ಬರೆಸಿಕೊಳ್ಳುತ್ತಾರೆ. ಹೋದವರು ತಮ್ಮ ಅಜ್ಜನ ಸಹಿ ನೋಡಿ ಅಲ್ಲೇ ಕೂತುಬಿಟ್ಟದ್ದನ್ನು ಕೇಳಿದ್ದೇನೆ.

ಆ ಡೈರಿಯಲ್ಲಿ ಇನ್ನೊಂದು ಸಾಲಿದೆ, ನೀವು ದಾಟಿಕೊಂಡು ಹೋಗಿದ್ದೀರಿ: "ಗಂಗಾ ತಂಬಿಗೆ 18." ಬೆಸುಗೆ ಹಾಕಿದ ಆ ಪುಟ್ಟ ತಾಮ್ರದ ತಂಬಿಗೆ ಯಾರೂ ಅಂದಾಜಿಗೆ ಕೊಳ್ಳುವುದಿಲ್ಲ. ಕಾಶಿಯ ಬೀದಿಯಲ್ಲಿ ನಿಂತು ಬೆರಳು ಮಡಿಸಿ ಎಣಿಸುತ್ತಾರೆ, ಅಕ್ಕನಿಗೆ ಒಂದು, ದೊಡ್ಡಪ್ಪನ ಮನೆಗೆ ಒಂದು, ಬೀಗರಿಗೆ ಒಂದು, ಪಕ್ಕದ ಮನೆಯವರಿಗೆ ಒಂದು. ಹದಿನೆಂಟು ಅಂದರೆ ಹದಿನೆಂಟು ಮನೆ. ಆ ವರ್ಷ ಅಪ್ಪನ ಮನಸ್ಸಿನಲ್ಲಿ "ನಮ್ಮವರು" ಅಂತ ಇದ್ದ ಮನೆಗಳು ಅಷ್ಟು. ಆ ಹದಿನೆಂಟರ ಪಟ್ಟಿ ಮಾಡಲು ನಿಮ್ಮ ಸೋದರತ್ತೆ ಸಹಾಯ ಮಾಡಬಲ್ಲರು. ಯಾರ ಮನೆಯ ದೇವರ ಗೂಡಿನಲ್ಲಾದರೂ ಒಡೆಯದ ತಂಬಿಗೆ ಇನ್ನೂ ಇರಬಹುದು, ಕೊನೇ ಗಳಿಗೆಗೆ ಬೇಕಾಗುತ್ತದೆ ಅಂತ ಎತ್ತಿಟ್ಟಿರುತ್ತಾರೆ. ಸಿಕ್ಕರೆ ಕೇಳಿ ತೆಗೆದುಕೊಂಡು ಬರಬೇಡಿ ಮಾರಾಯರೇ, ಅದು ಅಲ್ಲೇ ಇರಲಿ. ಒಂದು ಫೋಟೋ ತೆಗೆದುಕೊಳ್ಳಿ.

ಫೋಟೋದ ಮಾತು ಬಂತು. ನೀವು ಕಳಿಸಿದ ಚೌಕದ ಕಪ್ಪು-ಬಿಳುಪು ಪ್ರಿಂಟ್‌ಗಳು ಆಗ ಮನೆಮನೆಯಲ್ಲಿದ್ದ ಆಗ್ಫಾ ಕ್ಲಿಕ್ ಥರದ ಕ್ಯಾಮೆರಾದವು ಅನ್ನಿಸುತ್ತದೆ. ಅದರಲ್ಲಿ ಒಂದು ರೋಲಿಗೆ 12 ಫೋಟೋ. ನೆಗೆಟಿವ್ ಅಂಚಿನಲ್ಲಿ 1ರಿಂದ 12ರವರೆಗೆ ನಂಬರ್ ಇರುತ್ತದೆ, ಬೆಳಕಿಗೆ ಹಿಡಿದು ನೋಡಿ, ಯಾವ ಫೋಟೋ ಮೊದಲು ಯಾವುದು ಆಮೇಲೆ ಅಂತ ಗೊತ್ತಾಗುತ್ತದೆ. ಒಂದು ಪ್ರವಾಸದ 12ರಲ್ಲಿ ಆಲ್ಬಮ್ಮಿನಲ್ಲಿ 9 ಇದ್ದು 3 ಇಲ್ಲ ಅಂದರೆ, ಕಳೆದುಹೋಯಿತು ಅಂತ ಕೈಬಿಡಬೇಡಿ. ಉಳಿಸಿಕೊಂಡವರ ಮನೆಗೆ ಪ್ರಿಂಟ್ ಕಳಿಸುವುದು ಆಗಿನ ಮರ್ಯಾದೆ. ಆ ಮೂರು ಯಾವುದೋ ಮನೆಯ ಗೋಡೆಯ ಮೇಲೆ, ದೊಡ್ಡ ಚೌಕಟ್ಟಿನ ಮೂಲೆಯಲ್ಲಿ ಸಿಕ್ಕಿಸಿಕೊಂಡು ಕೂತಿರುತ್ತವೆ.

ಅಂಟಿನ ಆಲ್ಬಮ್ಮಿನಿಂದ ಫೋಟೋ ಕಿತ್ತು ತೆಗೆಯಬೇಡಿ. ಮೊದಲು ಪುಟವನ್ನು ಹಾಗೆಯೇ ಸ್ಕ್ಯಾನ್ ಮಾಡಿ, 600 ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಸಾಕು. ಆಮೇಲೆ ಹಲ್ಲಿನ ಸಂದು ಉಜ್ಜುವ ದಾರ ಸಿಗುತ್ತಲ್ಲ, ಅದನ್ನು ಫೋಟೋದ ಕೆಳಗೆ ತೂರಿಸಿ ಗರಗಸದ ಹಾಗೆ ಮೆಲ್ಲಗೆ ಎಳೆಯಿರಿ. ಬರದಿದ್ದರೆ ಬಿಟ್ಟುಬಿಡಿ. ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆ ಪೆನ್ಸಿಲಿನಲ್ಲಿ, ಬಾಲ್‌ಪೆನ್ ಬೇಡವೇ ಬೇಡ. ನುಸಿಗುಳಿಗೆ ಹಾಕಬೇಡಿ. ಮತ್ತೆ, ದಯವಿಟ್ಟು, ಏನನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ನಮ್ಮಲ್ಲಿ ಪ್ರೀತಿ ಜಾಸ್ತಿಯಾದರೆ ಲ್ಯಾಮಿನೇಶನ್ ಮಾಡಿಸುವುದು ಒಂದು ರೋಗ. ಒಮ್ಮೆ ಮಾಡಿದರೆ ತೆಗೆಯೋಕಾಗಲ್ಲ. ಈಚಿನ ವರ್ಷಗಳ ಬಸ್ ಟಿಕೆಟ್, ಮೆಷಿನ್ನಿನಿಂದ ಬರುವ ನುಣುಪು ಚೀಟಿ ಇದ್ದರೆ ಅದನ್ನೇ ಮೊದಲು ಸ್ಕ್ಯಾನ್ ಮಾಡಿ. ಅದು ಬಿಸಿಗೆ ಅಚ್ಚಾಗುವ ಕಾಗದ, ತಾನಾಗೇ ಮಾಸುತ್ತದೆ, ಲ್ಯಾಮಿನೇಟ್ ಮಾಡಲು ಕೊಟ್ಟರೆ ಬಿಸಿ ತಾಗಿ ಪೂರ್ತಿ ಕಪ್ಪಾಗಿ ವಾಪಸ್ ಬರುತ್ತದೆ. ಮಾವನ ಕೊನೇ ಪ್ರಯಾಣದ ಟಿಕೆಟ್ಟನ್ನು ನಾನೇ ಹಾಗೆ ಕಳೆದುಕೊಂಡೆ.

ಇನ್‌ಲ್ಯಾಂಡ್ ಪತ್ರಗಳಲ್ಲಿ ತಾರೀಖು ಇಲ್ಲದಿದ್ದರೆ ಅಂಚೆ ಮುದ್ರೆ ನೋಡಿ ಅಂತ ಸಾರ್ಟರ ಮಗಳಿಗೆ ನಾನು ಹೇಳಬೇಕಾಗಿಲ್ಲ. ಮುದ್ರೆ ಮಾಸಿದ್ದರೆ ವಿಳಾಸ ನೋಡಿ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ಪಿನ್ ಇದ್ದರೆ ಪತ್ರ ಅದಾದ ಮೇಲಿನದು. ಇಲ್ಲದಿದ್ದರೆ ಹಿಂದಿನದೇ ಅಂತ ಹೇಳೋಕಾಗಲ್ಲ, ಜನ ಎಷ್ಟೋ ವರ್ಷ ಬರೆಯಲೇ ಇಲ್ಲ. "ಮೈಸೂರು ರಾಜ್ಯ" ಅಂತ ಇದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗಿಂತ ಮುಂಚಿನದು. ಪುಸ್ತಕ ಮಾಡುವಾಗ ಅಪ್ಪ ಬರೆದ ಊರಿನ ಹೆಸರುಗಳನ್ನು ತಿದ್ದಬೇಡಿ. ಅವರು ಬಾಂಬೆ ಅಂತ ಬರೆದಿದ್ದರೆ ಬಾಂಬೆಯೇ ಇರಲಿ, ಅವರು ಹೋಗಿದ್ದು ಅಲ್ಲಿಗೇ.

ಇನ್ನು ಅಮ್ಮ. ಇದನ್ನು ಮೊದಲೇ ಬರೆಯಬೇಕಿತ್ತು, ಸ್ವಲ್ಪ ಹೆದರಿಕೆಯಿಂದ ಹಿಂದೆ ಹಾಕಿದೆ.

ಎಲ್‌ಟಿಸಿ ಅರ್ಜಿಯಲ್ಲಿ ಯಾರ್ಯಾರು ಹೋಗುತ್ತಾರೆ ಅಂತ ಹೆಸರು, ವಯಸ್ಸು ಬರೆಯಬೇಕು. ನೀವು ಕಳಿಸಿದ ಆರು ಅರ್ಜಿಗಳಲ್ಲಿ ಅಮ್ಮನ ಹೆಸರು ಎರಡರಲ್ಲಿ ಮಾತ್ರ ಇದೆ. ನೋಡಿದ್ದಿರಾ? ಉಳಿದ ನಾಲ್ಕು ಸಲ ಮನೆಯಲ್ಲಿ ಏನಾಗಿತ್ತು? ಹಾಸಿಗೆ ಹಿಡಿದ ಅತ್ತೆ ಇದ್ದರಾ, ಪರೀಕ್ಷೆ ಇದ್ದ ಮಗು ಇತ್ತಾ, ಹೊಟ್ಟೆಯಲ್ಲಿ ನೀವೇ ಇದ್ದಿರಾ? ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಪ್ಪ ಗಾಡಿಯಲ್ಲಿ ಕಳೆದ ಒಂದೊಂದು ರಾತ್ರಿಯೂ ಅಮ್ಮ ಒಬ್ಬರೇ ಬಾಗಿಲು ಹಾಕಿಕೊಂಡು ಮಲಗಿದ ರಾತ್ರಿ. ಅಷ್ಟು ವರ್ಷ. ಮಗುವಿಗೆ ಜ್ವರ ಬಂದರೆ ಸರಿರಾತ್ರಿ ಯಾರ ಮನೆಯ ಬಾಗಿಲು ತಟ್ಟಿದರು? ನೀವು "ಅಪ್ಪನ ಪ್ರವಾಸ" ಅಂತ ಟ್ರಂಕ್ ತೆಗೆದಾಗಲೆಲ್ಲ ಅವರಿಗೆ ಯಾವುದು ಕಣ್ಣಮುಂದೆ ಬರುತ್ತದೋ ನಮಗೇನು ಗೊತ್ತು. ಬರೀ ದುಃಖವೇ ಇರಬಹುದು. ದುಃಖದ ಜೊತೆ ಸ್ವಲ್ಪ ಸಿಟ್ಟೂ ಇದ್ದರೆ ಅದರಲ್ಲಿ ತಪ್ಪಿಲ್ಲ.

ಅದಕ್ಕೆ ಟ್ರಂಕನ್ನು ಅಮ್ಮನ ಎದುರು ತೆಗೆಯಬೇಡಿ. "ನೀವು ಯಾಕೆ ಹೋಗಲಿಲ್ಲ" ಅಂತಲೂ ಕೇಳಬೇಡಿ, ತನಿಖೆ ಮಾಡಿದ ಹಾಗಾಗುತ್ತದೆ. ಅಡುಗೆಮನೆಯಲ್ಲಿ ಜೊತೆಗೆ ಕೂತು ಸೊಪ್ಪು ಸೋಸುವಾಗ, ಸುಮ್ನೆ, ಅಪ್ಪನಿಗೆ ಡ್ಯೂಟಿಗೆ ಬುತ್ತಿ ಏನು ಕಟ್ಟುತ್ತಿದ್ದಿರಿ ಅಂತ ಕೇಳಿ. ಎಷ್ಟು ರೊಟ್ಟಿ? ಶೇಂಗಾ ಚಟ್ನಿಯಾ, ಗುರೆಳ್ಳು ಚಟ್ನಿಯಾ? ಕಾಶಿಗೆ ಹೋಗುವಾಗ ಎಷ್ಟು ದಿನಕ್ಕೆ ಆಗುವಷ್ಟು ಮಾಡಿದ್ದಿರಿ? ಅಪ್ಪ ಇಲ್ಲದ ರಾತ್ರಿ ಜೊತೆಗೆ ಮಲಗಲು ಯಾರು ಬರುತ್ತಿದ್ದರು? ಈ ಕೊನೆಯ ಪ್ರಶ್ನೆಗೆ ಬಹಳ ಮನೆಗಳಲ್ಲಿ ನಾನು ಕೇಳಿದ ಉತ್ತರ ಒಂದೇ ಥರದ್ದು: ಪಕ್ಕದ ಮನೆಯ ಒಬ್ಬ ಅಜ್ಜಿ. ಆಕೆಯ ಹೆಸರನ್ನು ನಿಮ್ಮ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. ಗಾಡಿ ಹತ್ತಿದವರ ನಕ್ಷೆಯಲ್ಲಿ ಹತ್ತದೇ ಉಳಿದವರಿಗೂ ಒಂದು ಮನೆ ಬೇಕು. ಅಮ್ಮ ಏನೂ ಹೇಳದಿದ್ದರೆ ಒತ್ತಾಯ ಬೇಡ, ಪುಸ್ತಕ ಒಂದು ವರ್ಷ ತಡವಾದರೆ ಆಕಾಶ ಬೀಳುವುದಿಲ್ಲ. ವರ್ಷಾಬ್ದಿಕಕ್ಕೇ ಆಗಬೇಕು ಅನ್ನುವ ಗಡುವು ಹಾಕಿದವರು ಯಾರು? ನೀವೇ ಅಲ್ವಾ?

ಅಣ್ಣನ ಬಗ್ಗೆ ಎರಡೇ ಮಾತು. "ಹಳೇ ಕಾಗದ" ಅನ್ನುವವರನ್ನು ಕಾಗದದಿಂದ ಗೆಲ್ಲೋಕಾಗಲ್ಲ. ಅವನಿಗೆ ಒಂದು ಸಣ್ಣ ಕೆಲಸ ಕೊಡಿ. ಪುಣೆಯಲ್ಲೇ ಇದ್ದಾನೆ, ಮಿರಜ ದಾರಿಯಲ್ಲೇ ಇದೆ. ಮುಂದಿನ ಸಲ ರೈಲಿನಲ್ಲಿ ಧಾರವಾಡಕ್ಕೆ ಬರುವಾಗ ಮಿರಜ ಸ್ಟೇಷನ್ನಿನಿಂದ ನಿಮಗೆ ಒಂದು ಫೋನ್ ಮಾಡಲು ಹೇಳಿ. ಅಪ್ಪ ಅವನನ್ನು ಆ ಪ್ಲಾಟ್‌ಫಾರ್ಮಿನಲ್ಲಿ ಟ್ರಂಕಿನ ಮೇಲೆ ಕೂರಿಸಿ "ಇಲ್ಲೇ ಇರು, ಎದ್ದೇಳಬೇಡ" ಅಂದದ್ದು ಅವನಿಗೆ ನೆನಪಿದ್ದರೂ ಇರಬಹುದು. ಇಲ್ಲದಿದ್ದರೆ ಇಲ್ಲ, ಎಲ್ಲರೂ ಒಂದೇ ಥರ ನೆನೆಯಬೇಕು ಅಂತೇನಿಲ್ಲ.

ಅಪ್ಪನ ದಾರಿಯಲ್ಲಿ ಹೋಗಿ ಬರಲಾ ಅಂತ ಕೇಳಿದ್ದೀರಿ. ಎಲ್ಲ ದಾರಿಯಲ್ಲಿ ಬೇಡ. ಆ ಹಳೇ ಸಣ್ಣ ಹಳಿಯ, ಮೀಟರ್ ಗೇಜ್ ಗಾಡಿ ಈಗಿಲ್ಲ, ಓಡುವ ಡಬ್ಬಿಯಲ್ಲಿ ನಿಂತು ಕಾಗದ ವಿಂಗಡಿಸುವ ಕೆಲಸವೂ ಹೋಯಿತು, ಆಮೇಲೆ ಕಟ್ಟಿದ ಚೀಲ ಸಾಗಿಸುವುದಷ್ಟೇ ಉಳಿಯಿತು. ಏಸಿ ಬೋಗಿಯಲ್ಲಿ ಪರದೆ ಎಳೆದುಕೊಂಡು ಮಲಗಿದರೆ ಬೀರೂರು ಬಂದದ್ದೇ ಗೊತ್ತಾಗುವುದಿಲ್ಲ. ಹೋಗುವುದಾದರೆ ಒಂದೇ ಕಡೆ ಹೋಗಿ, ಸವದತ್ತಿ ತಾಲ್ಲೂಕಿನ ಆ ಹಳ್ಳಿಗೆ.

ಆ "ಸ್ವಂತ ಊರು" ಸುಮ್ನೆ ತುಂಬಿದ ಖಾನೆ ಅಲ್ಲ. ನೌಕರ ತನ್ನ ಸ್ವಂತ ಊರು ಯಾವುದು ಅಂತ ಕೆಲಸಕ್ಕೆ ಸೇರಿದ ಮೇಲೆ ಘೋಷಿಸಬೇಕು, ಇಡೀ ಸರ್ವಿಸ್‌ನಲ್ಲಿ ಅದನ್ನು ಬದಲಿಸಲು ಅವಕಾಶ ಒಂದೇ ಸಲ. ಇಪ್ಪತ್ತರ ಆಸುಪಾಸಿನ ಹುಡುಗ ಧಾರವಾಡದಲ್ಲಿ ಹುಟ್ಟಿ ಬೆಳೆದು, ನನ್ನ ಊರು ಇದು ಅಂತ ಬೇರೆ ಹಳ್ಳಿಯ ಹೆಸರು ಬರೆದ, ಆಮೇಲೆ ಬದಲಿಸಲೂ ಇಲ್ಲ ಅಂದರೆ ಅಲ್ಲಿ ಯಾರೋ ಇದ್ದರು. ಅಜ್ಜಿಯ ತವರಾಗಿರಬಹುದು, ತುಂಡು ಹೊಲ ಇರಬಹುದು, ಸಾಕಿದವರಿರಬಹುದು. ಮೊದಲು ಸೋದರತ್ತೆಯನ್ನು ಕೇಳಿ. ನಿಮ್ಮ ಮನೆತನಕ್ಕೆ ಹೆಳವರು ಬರುವ ಪದ್ಧತಿ ಇತ್ತಾ ಅಂತಲೂ ಕೇಳಿ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸಿಕೊಂಡು ಬಂದು ವಂಶಾವಳಿ ಹಾಡುವವರು ಅವರು. ಮೂಲ ಊರು ಯಾವುದು, ಬರ ಬಂದು ಬಿಟ್ಟರೋ, ದಾಯಾದಿ ಜಗಳಕ್ಕೆ ಬಿಟ್ಟರೋ, ಎಲ್ಲಿ ಎಷ್ಟು ವರ್ಷ ನಿಂತು ಎಲ್ಲಿಗೆ ಬಂದರು, ಎಲ್ಲಿಗೆ ಹೆಣ್ಣು ಕೊಟ್ಟರು ಅಂತ ಹೇಳಿ ಕಾಳು-ಕಾಣಿಕೆ ತೆಗೆದುಕೊಂಡು ಹೋಗುತ್ತಾರೆ. ನೀವು ಈಗ ಮಾಡಹೊರಟದ್ದನ್ನು ಅವರು ತಲೆತಲಾಂತರದಿಂದ ಮಾಡುತ್ತಿದ್ದಾರೆ. ಎಷ್ಟೋ ಕಡೆ ಈಗ ಬೈಕಿನಲ್ಲಿ ಬರುತ್ತಾರೆ, ಆದರೆ ಪುಸ್ತಕ ಇಟ್ಟಿರುತ್ತಾರೆ. ಅವರ ಬಾಯಲ್ಲಿ ಆ ಹಳ್ಳಿಯ ಹೆಸರು ಬಂದರೆ ಅರ್ಧ ಕೆಲಸ ಆದ ಹಾಗೆ.

ಹೊರಡುವ ಮುಂಚೆ ಒಂದು ವಿಚಾರ ಖಾತ್ರಿ ಮಾಡಿಕೊಳ್ಳಿ. ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದಾಗ ಮಲಪ್ರಭೆಯ ಹಿನ್ನೀರಿಗೆ ಸಿಕ್ಕಿ ಅಲ್ಲಿನ ಕೆಲವು ಊರುಗಳು ಜಾಗ ಬದಲಿಸಿದವು. ಹಳೇ ಊರು ನೀರಿನಲ್ಲಿ, ಅದೇ ಹೆಸರಿನ ಹೊಸ ಊರು ಬೇರೆ ಕಡೆ. ನಿಮ್ಮದೂ ಅಂಥದ್ದಾ ಅಂತ ಊರಿನ ಹಿರಿಯರನ್ನು ಕೇಳಿಕೊಂಡು ಹೋಗಿ, ಇಲ್ಲದಿದ್ದರೆ ಇಲ್ಲದ ಗುಡಿಯನ್ನು ಹುಡುಕುತ್ತಾ ಅಲೆಯಬೇಕಾಗುತ್ತದೆ.

ಹೋಗುವಾಗ ಅಣ್ಣನನ್ನು ಕರೆಯಿರಿ, ಬಂದರೆ ಬಂದ. ಅಮ್ಮನನ್ನೂ ಕರೆಯಿರಿ. ಆ ನೆಗೆಟಿವ್‌ಗಳಲ್ಲಿ ಒಂದನ್ನು ನಾನು ದೊಡ್ಡದು ಮಾಡಿ ನೋಡಿದೆ. ಕಲ್ಲಿನ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಾರೆ, ಅಪ್ಪ ಅವರ ಕಾಲ ಬುಡದಲ್ಲಿ ನೆಲದ ಮೇಲೆ, ಬನಿಯನ್ನಿನಲ್ಲಿ. ಅದರ ಎರಡು ಪ್ರಿಂಟ್ ಹಾಕಿಸಿ. ಒಂದು ಊರಲ್ಲಿ ತೋರಿಸಿ ಕೇಳಲು, ಒಂದು ಅಲ್ಲೇ ಬಿಟ್ಟು ಬರಲು. ಪೇಢೆ ಕಟ್ಟಿಸಿಕೊಳ್ಳುವುದನ್ನು ಮರೆಯಬೇಡಿ.